ಕಿರ್ಗಿಜ್ ಹಬ್ಬ ನೋಡೋಕೆ ಗೈಡ್ ಟೂರ್ ಬೇಕಾ? ಪರ-ವಿರೋಧ

ಪರ: ಅಪ್ಪಟ ಹಬ್ಬಕ್ಕೆ ಕಾಯುತ್ತಾ ಕೂತರೆ ಯಾವ ಹಬ್ಬವೂ ಸಿಗುವುದಿಲ್ಲ

ನನ್ನ ಅಮ್ಮನಿಗೆ 63 ವರ್ಷ. ಮಂಡಿ ನೋವು, ಮೊಟ್ಟೆ ಕೂಡ ತಿನ್ನುವುದಿಲ್ಲ. ಅವರನ್ನು ಕರೆದುಕೊಂಡು ಕಿರ್ಗಿಸ್ತಾನದ ಸೋಂಗ್-ಕುಲ್ ಸರೋವರದ ದಡಕ್ಕೆ, ಅಂದರೆ 3,016 ಮೀಟರ್ ಎತ್ತರಕ್ಕೆ ಹೋಗಿ, ಎರಡು ರಾತ್ರಿ ಗುಡಾರದಲ್ಲಿ ಮಲಗಿ, ಕುದುರೆ ಆಟಗಳ ಹಬ್ಬ ನೋಡಿಕೊಂಡು ಬಂದೆ. ಗೈಡ್ ಇರುವ ಪ್ಯಾಕೇಜ್ ಟೂರ್‌ನಲ್ಲೇ ಹೋಗಿದ್ದು. ಇದನ್ನು ಹೇಳಿದ ಕೂಡಲೇ ಒಬ್ಬರಾದರೂ ಮೂಗು ಮುರಿಯುತ್ತಾರೆ. "ಅಯ್ಯೋ, ಅದೆಲ್ಲ ಟೂರಿಸ್ಟ್‌ಗಳಿಗೆ ಅಂತ ಮಾಡೋ ನಾಟಕ." ನಾನು ಟೂರಿಸ್ಟೇ ತಾನೇ? ಟೂರಿಸ್ಟ್‌ಗೆ ಅಂತ ಮಾಡಿದ್ದನ್ನು ಟೂರಿಸ್ಟ್ ನೋಡಿದರೆ ತಪ್ಪೇನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲು ಜಾಗದ ವಿಷಯ. ಸೋಂಗ್-ಕುಲ್ ದಡದಲ್ಲಿ ಊರಿಲ್ಲ. ಒಂದು ಮರವೂ ಇಲ್ಲ. ಅದು ಜೈಲೂ, ಅಂದರೆ ಬೇಸಿಗೆಯಲ್ಲಿ ಕುರಿ, ಕುದುರೆ ಮೇಯಿಸುವ ಎತ್ತರದ ಹುಲ್ಲುಗಾವಲು (ನಮ್ಮ ಜೈಲಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ನಮ್ಮ ಗುಂಪಿನಲ್ಲಿ ಈ ಜೋಕ್ ದಿನಕ್ಕೆ ನಾಲ್ಕು ಸಲ ಬಂತು). ಜೂನ್‌ನಲ್ಲಿ ಕುಟುಂಬಗಳು ಮೇಲೆ ಬಂದು ಗುಡಾರ ಕಟ್ಟುತ್ತವೆ, ಸೆಪ್ಟೆಂಬರ್ ಹೊತ್ತಿಗೆ ಬಿಚ್ಚಿಕೊಂಡು ಇಳಿದುಬಿಡುತ್ತವೆ. ರಾಜಧಾನಿ ಬಿಷ್ಕೆಕ್‌ನಿಂದ ಕೊಚ್ಕೋರ್ ಊರಿನವರೆಗೆ ಮಾರ್ಶ್ರುಟ್ಕಾ ಸಿಗುತ್ತದೆ. ನಮ್ಮ ಮ್ಯಾಕ್ಸಿಕ್ಯಾಬ್ ಥರದ ಗಾಡಿ ಅದು. ಅಲ್ಲಿಂದ ಮೇಲಕ್ಕೆ ಬಸ್ಸಿಲ್ಲ. ಸ್ವಂತ ಟ್ಯಾಕ್ಸಿ ಮಾಡಬೇಕು, ರೇಟು ಮಾತಾಡಬೇಕು. ಮಾತಾಡೋಕೆ ಕಿರ್ಗಿಜ್ ಬರಬೇಕು ಇಲ್ಲವೇ ರಷ್ಯನ್ ಬರಬೇಕು. ನನಗೆ ಎರಡೂ ಬರುವುದಿಲ್ಲ.

ಬಿಷ್ಕೆಕ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ ಅಲ್ಲಿಂದ ಮೂರು ಸಾವಿರ ದಾಟಿದರೆ ತಲೆ ಸಿಡಿಯುವುದು ಗ್ಯಾರಂಟಿ. ನಮ್ಮ ಗೈಡ್ ಹುಡುಗಿ ಮೊದಲ ರಾತ್ರಿ ಎಲ್ಲರನ್ನೂ ಕೊಚ್ಕೋರ್‌ನಲ್ಲೇ ಉಳಿಸಿದಳು. ಯುವಕರು ಗೊಣಗಿದರು. ಮಾರನೇ ದಿನ ಮೇಲೆ ಹೋದಾಗ, ನೇರ ಬಿಷ್ಕೆಕ್‌ನಿಂದ ಬಂದ ಇನ್ನೊಂದು ಗುಂಪಿನವರು ಗುಡಾರದ ಹಿಂದೆ ವಾಂತಿ ಮಾಡುತ್ತಿದ್ದರು. ನಮ್ಮವರ ಗೊಣಗಾಟ ಅಲ್ಲಿಗೆ ನಿಂತಿತು.

ಇನ್ನು ಊಟ. ಇದನ್ನು ನಮ್ಮ ಕಡೆಯವರು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ "ಮಾಂಸ ಬೇಡ" ಅಂದರೆ ಸಾರಿನಿಂದ ಮಾಂಸದ ತುಂಡನ್ನು ಎತ್ತಿಟ್ಟು, ಉಳಿದದ್ದನ್ನು ಪ್ರೀತಿಯಿಂದ ಬಡಿಸುತ್ತಾರೆ. ಅವರ ಹೆಮ್ಮೆಯ ಊಟ ಬೆಶ್‌ಬರ್ಮಾಕ್, ಅಂದರೆ "ಐದು ಬೆರಳು". ಕೈಯಲ್ಲೇ ತಿನ್ನುವುದರಿಂದ ಆ ಹೆಸರು. ಅಷ್ಟರ ಮಟ್ಟಿಗೆ ನಮ್ಮವರೇ, ಆದರೆ ತಟ್ಟೆಯಲ್ಲಿರುವುದು ಮಾಂಸ ಮತ್ತು ಶಾವಿಗೆ. ಗೈಡ್ ಹುಡುಗಿ ಮೊದಲೇ ಫೋನ್ ಮಾಡಿ ಹೇಳಿದ್ದಕ್ಕೆ ಅಮ್ಮನಿಗೆ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೇಯಿಸಿದ್ದರು. ಬೋರ್ಸೋಕ್ ಅಂತ ಒಂದಿದೆ, ಸಕ್ಕರೆ ಹಾಕದ, ಉಬ್ಬಿದ ಶಂಕರಪೋಳಿ ಅಂದುಕೊಳ್ಳಿ. ಅದನ್ನು ಯಾವುದರಲ್ಲಿ ಕರಿದಿದ್ದಾರೆ ಅಂತ ಅಮ್ಮ ಕೇಳಿಸಿದರು. ಎಣ್ಣೆ ಅಂತ ಗೊತ್ತಾದ ಮೇಲೆ ಕೈಮಾಕ್ ಅನ್ನುವ ಗಟ್ಟಿ ಕೆನೆ ಹಚ್ಚಿಕೊಂಡು ಎಷ್ಟು ತಿಂದರು ಅಂತ ಲೆಕ್ಕ ಇಟ್ಟಿಲ್ಲ.

ಈಗ ಹಬ್ಬದ ವಿಷಯಕ್ಕೆ ಬರುತ್ತೇನೆ. ಕೊಕ್-ಬೋರು ಆಟ ಏನೂ ಗೊತ್ತಿಲ್ಲದೆ ನೋಡಿದರೆ ಒಂದಷ್ಟು ಗಂಡಸರು ಕುದುರೆ ಮೇಲೆ ಕೂತು ಸತ್ತ ಆಡನ್ನು ಎಳೆದಾಡುವ ಹಾಗೆ ಕಾಣುತ್ತದೆ. ಅಮ್ಮ ಮೊದಲ ಐದು ನಿಮಿಷ ಮುಖ ತಿರುಗಿಸಿಕೊಂಡೇ ಕೂತಿದ್ದರು. ಆಮೇಲೆ ಪಕ್ಕದಲ್ಲಿ ಕೂತು ಆ ಹುಡುಗಿ ಹೇಳಲು ಶುರು ಮಾಡಿದಳು. ಒಂದು ಬಾರಿಗೆ ತಂಡಕ್ಕೆ ನಾಲ್ಕು ಸವಾರರು. ಮೈದಾನದ ಎರಡು ತುದಿಯಲ್ಲಿ ದೊಡ್ಡ ಒಲೆಯ ಹಾಗೆ ಕಾಣುವ ಗೋಲು, ಹೆಸರು ತೈ-ಕಜಾನ್. ಮೂವತ್ತು ಕಿಲೋ ದಾಟುವ ಭಾರವನ್ನು ಓಡುವ ಕುದುರೆಯಿಂದ ಬಗ್ಗಿ ಎತ್ತಿ, ತೊಡೆ ಕೆಳಗೆ ಸಿಕ್ಕಿಸಿಕೊಂಡು ಹೋಗಿ ಅದರೊಳಗೆ ಎಸೆಯಬೇಕು. ಆಟವನ್ನು ಅರ್ಧ ಗೆಲ್ಲಿಸುವುದು ಕುದುರೆಯೇ, ಅದು ಎದೆ ಕೊಟ್ಟು ಎದುರಾಳಿ ಕುದುರೆಯನ್ನು ಪಕ್ಕಕ್ಕೆ ತಳ್ಳುವುದನ್ನು ನೋಡಿ ಅಂದಳು. ಅಷ್ಟೇ. ಅರ್ಧ ಗಂಟೆಯಲ್ಲಿ ಅಮ್ಮ ಒಂದು ಕಪ್ಪು ಕುದುರೆಯ ಪಕ್ಷ ವಹಿಸಿ ಚಪ್ಪಾಳೆ ಹೊಡೆಯುತ್ತಿದ್ದರು.

ಕಿಜ್-ಕೂಮಾಯ್ ಕೂಡ ಹಾಗೇ. ಹುಡುಗ ಕುದುರೆ ಮೇಲೆ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗಿ ಮುತ್ತು ಕೊಡಬೇಕು ಅನ್ನುವಷ್ಟು ಎಲ್ಲರೂ ಕೇಳಿರುತ್ತಾರೆ. ಹಿಡಿಯಲಾಗದಿದ್ದರೆ ವಾಪಸ್ ಬರುವಾಗ ಹುಡುಗಿ ಚಾಟಿ ಹಿಡಿದು ಅವನನ್ನು ಅಟ್ಟುತ್ತಾಳೆ. ಅವತ್ತು ಹುಡುಗ ಚೆನ್ನಾಗಿ ಏಟು ತಿಂದ.

ಇದು ನಿಜವಾದ ಹಬ್ಬವಾ ಅನ್ನುವವರಿಗೆ ಸ್ವಲ್ಪ ಇತಿಹಾಸ. 1920, 30ರ ದಶಕಗಳಲ್ಲಿ ಸೋವಿಯತ್ ಸರ್ಕಾರ ಈ ಅಲೆಮಾರಿಗಳನ್ನು ಒತ್ತಾಯದಿಂದ ಊರುಗಳಲ್ಲಿ ನೆಲೆಗೊಳಿಸಿತು, ದನಕರುಗಳನ್ನು ಸಾಮೂಹಿಕ ಫಾರಂಗಳಿಗೆ ಸೇರಿಸಿಕೊಂಡಿತು. ಇವತ್ತು ವರ್ಷಪೂರ್ತಿ ಅಲೆಯುವವರು ಇಲ್ಲವೇ ಇಲ್ಲ ಅನ್ನಬಹುದು. ಚಳಿಗಾಲದಲ್ಲಿ ಊರು, ಮಕ್ಕಳಿಗೆ ಶಾಲೆ. ಬೇಸಿಗೆಯಲ್ಲಿ ಮಾತ್ರ ಜೈಲೂ. ವಿಶ್ವ ಅಲೆಮಾರಿ ಕ್ರೀಡಾಕೂಟ ಅಂತ ಇಸಿಕ್-ಕುಲ್ ಸರೋವರದ ದಡದ ಚೋಲ್ಪೋನ್-ಅತಾದಲ್ಲಿ ಶುರುವಾಗಿದ್ದೇ 2014ರಲ್ಲಿ. ಅದನ್ನು ಹುಟ್ಟುಹಾಕಿದ್ದು ಸರ್ಕಾರ. ಹಾಗಂತ ಅಲ್ಲಿ ಕುಸ್ತಿ ಹಿಡಿದವನ ಬೆವರು ಸುಳ್ಳಾ? ಬಣ್ಣದ ಉಣ್ಣೆ ಹಾಸುಗಳಾದ ಶಿರ್ದಾಕ್, ಅಲಾ-ಕಿಯೀಜ್‌ಗಳನ್ನು 2012ರಲ್ಲಿ ಯುನೆಸ್ಕೋ "ತುರ್ತಾಗಿ ಉಳಿಸಬೇಕಾದ" ಪಟ್ಟಿಗೆ ಸೇರಿಸಿತು. ಕೊಳ್ಳುವವರಿಲ್ಲದೆ ಯಾರು ಮಾಡುತ್ತಾರೆ ಹೇಳಿ? ಕೊಚ್ಕೋರ್‌ನಲ್ಲಿ ಒಬ್ಬ ಅಜ್ಜಿ ಶಿರ್ದಾಕ್ ಕತ್ತರಿಸುವುದನ್ನು ನೋಡಿದೆವು. ಎರಡು ಬಣ್ಣದ ಉಣ್ಣೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸುತ್ತಾರೆ. ಕೆಂಪಿನ ಕೊಂಬಿನಾಕಾರದ ಚಿತ್ತಾರ ಕಪ್ಪಿನ ತೂತಿಗೆ, ಕಪ್ಪಿನ ಕೊಂಬು ಕೆಂಪಿನ ತೂತಿಗೆ. ಎರಡು ಹಾಸು ತಯಾರು, ಒಂದು ಚೂರೂ ಹಾಳಿಲ್ಲ. ಅಮ್ಮ ಚಿಕ್ಕದೊಂದು ಕೊಂಡರು. ಇದರ ಜೋಡಿ ಯಾರ ಮನೆಯಲ್ಲಿದೆಯೋ ಅಂತ ಈಗಲೂ ಆಗಾಗ ಕೇಳುತ್ತಾರೆ.

ಇನ್ನೊಂದು ಮಾತು. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪು ದಾಳಿ ಆಗಿತ್ತು. ಅಲ್ಲಿ ಡಾಕ್ಟರ್ ಓದುವ ನಮ್ಮ ಮಕ್ಕಳು ಬೇಕಾದಷ್ಟಿದ್ದಾರೆ, ಹಾಗಾಗಿ ಆ ಸುದ್ದಿ ಮನೆಮನೆಗೂ ಬಂದಿತ್ತು. ನಾವಿಬ್ಬರೇ ಹೆಂಗಸರು ಹೋಗುತ್ತೇವೆ ಅಂದಿದ್ದರೆ ಅಪ್ಪ ಟಿಕೆಟ್ ಮಾಡಿಸೋಕೆ ಬಿಡುತ್ತಿರಲಿಲ್ಲ. ಹೋದ ಮೇಲೆ ನಮಗೆ ಸಿಕ್ಕವರೆಲ್ಲ ಒಳ್ಳೆಯವರೇ. ಅದು ಹೋದ ಮೇಲೆ ಗೊತ್ತಾಗುವ ವಿಷಯ.

ವಿರೋಧ: ಜುಲೈನಲ್ಲಿ ಯಾರೂ ಹದ್ದಿನ ಬೇಟೆ ಆಡುವುದಿಲ್ಲ

ವಯಸ್ಸಾದವರು, ಮಂಡಿ ನೋವು, ಸಸ್ಯಾಹಾರ: ಈ ಮೂರೂ ಇದ್ದರೆ ಮೇಲೆ ಬರೆದವರ ಮಾತು ಒಪ್ಪುತ್ತೇನೆ, ವಾದವೇ ಇಲ್ಲ. ಉಳಿದವರು ಸ್ವಲ್ಪ ನಿಲ್ಲಿ. ನಾನು ಮೊದಲ ಸಲ ಆರು ದಿನದ ಗೈಡ್ ಟೂರ್‌ನಲ್ಲೇ ಹೋಗಿದ್ದೆ. ಎರಡು ವರ್ಷ ಬಿಟ್ಟು ಒಬ್ಬನೇ ಹೋದೆ. ಹಾಗಾಗಿ ಎರಡರ ರುಚಿಯೂ ಗೊತ್ತು.

ಟೂರ್‌ನ ಮೂರನೇ ದಿನ ಇಸಿಕ್-ಕುಲ್‌ನ ದಕ್ಷಿಣ ದಡದಲ್ಲಿ ಹದ್ದಿನ ಬೇಟೆ ಅಂತಿತ್ತು. ಬುರ್ಕುಟ್ ಅನ್ನುವ ಭಾರಿ ಹಕ್ಕಿ ಅದು, ಹೆಣ್ಣಾದರೆ ಐದಾರು ಕಿಲೋ ತೂಗುತ್ತದೆ. ಬೇಟೆಗಾರ ಗುಡ್ಡದ ಮೇಲಿಂದ ಬಿಟ್ಟ, ಕೆಳಗೆ ಒಬ್ಬ ಹುಡುಗ ನರಿ ಚರ್ಮವನ್ನು ಹಗ್ಗ ಕಟ್ಟಿ ಎಳೆದುಕೊಂಡು ಓಡಿದ, ಹದ್ದು ಬಂದು ಎರಗಿತು. ಎಲ್ಲರೂ ವಿಡಿಯೋ ಮಾಡಿದೆವು. ಆಮೇಲೆ ಗ್ಲೌಸ್ ಹಾಕಿಕೊಂಡು ಹದ್ದನ್ನು ಕೈ ಮೇಲೆ ಕೂರಿಸಿಕೊಂಡು ಫೋಟೋ, ಅದಕ್ಕೆ ಬೇರೆ ದುಡ್ಡು. ಒಟ್ಟು 40 ನಿಮಿಷ. ವಾಪಸ್ ಬಂದು ಸ್ವಲ್ಪ ಓದಿದಾಗ ಗೊತ್ತಾಯಿತು, ಹದ್ದಿನ ಬೇಟೆ ಚಳಿಗಾಲದ ಕೆಲಸ. ಹಿಮದ ಮೇಲೆ ನರಿಯ ಜಾಡು ಕಾಣಬೇಕು, ಅದರ ತುಪ್ಪಳ ದಟ್ಟವಾಗಿರಬೇಕು. ಬೇಸಿಗೆ ಹದ್ದಿಗೆ ಗರಿ ಉದುರಿಸಿ ಹೊಸದು ಹುಟ್ಟಿಸಿಕೊಳ್ಳುವ ಕಾಲ, ಅಂದರೆ ಅದಕ್ಕೆ ರಜೆ. ನಾವು ಆ ರಜೆಯಲ್ಲಿ ಹೋಗಿ ಎಬ್ಬಿಸಿದ್ದೆವು. ಗೈಡ್ ಇದನ್ನು ಹೇಳಿರಲಿಲ್ಲ. ಹೇಳಿದರೆ ಟೂರ್ ಓಡುತ್ತದಾ?

ನನ್ನ ತಕರಾರು ಇಷ್ಟೇ. ಟೂರಿಸ್ಟ್‌ಗೆ ತೋರಿಸಿದರು ಅನ್ನುವುದರ ಬಗ್ಗೆ ನನಗೆ ಬೇಜಾರಿಲ್ಲ. ಅವರ ವರ್ಷದ ಲೆಕ್ಕ ಬೇರೆ, ನಮ್ಮ ರಜೆಯ ಲೆಕ್ಕ ಬೇರೆ. ಅವರ ವಸಂತದ ಹೊಸವರ್ಷ ನೂರುಜ್ ಬರುವುದು ಮಾರ್ಚ್ 21ಕ್ಕೆ. ಸ್ವಾತಂತ್ರ್ಯ ದಿನ ಆಗಸ್ಟ್ 31. ಇನ್ನು ಮದುವೆ, ಮಗು ಹುಟ್ಟಿದ್ದು, ಅಜ್ಜನ ವರ್ಷಾಂತಿಕ, ಹೀಗೆ ಯಾರ ಮನೆಯಲ್ಲಾದರೂ ತೋಯ್, ಅಂದರೆ ದೊಡ್ಡ ಔತಣ ಆದಾಗ ಕುದುರೆ ಆಟ ನಡೆಯುತ್ತದೆ. ಟೂರ್ ಮಾಡುವವರು ಇದನ್ನೆಲ್ಲ ಬೇರೆ ಬೇರೆ ತಿಂಗಳಿಂದ ಕಿತ್ತು ತಂದು ಒಂದು ವಾರದೊಳಗೆ ತುರುಕುತ್ತಾರೆ. ಬೆಳಿಗ್ಗೆ ಹದ್ದು, ಮಧ್ಯಾಹ್ನ ಉಣ್ಣೆ ಹಾಸು, ಸಂಜೆ ಕೊಕ್-ಬೋರು. ನಮ್ಮಲ್ಲಿ ಯಾರಾದರೂ ಸಂಕ್ರಾಂತಿ, ಗೌರಿ ಹಬ್ಬ, ದೀಪಾವಳಿ ಮೂರನ್ನೂ ಒಂದೇ ಶನಿವಾರ ಮಾಡಿ ತೋರಿಸಿದರೆ ಹೇಗಿರುತ್ತದೆ?

ಕಿರ್ಗಿಜರ ಮಹಾಕಾವ್ಯ ಮನಾಸ್ ಕಥೆಯನ್ನೇ ತಗೊಳ್ಳಿ. ಅದನ್ನು ಹಾಡುತ್ತಾ ಹೇಳುವವರಿಗೆ ಮನಾಸ್ಚಿ ಅನ್ನುತ್ತಾರೆ. ಸಯಾಕ್‌ಬಾಯ್ ಕರಲಾಯೆವ್ ಅನ್ನುವ ಮನಾಸ್ಚಿ ಹೇಳಿ ಬರೆಸಿದ ಪಾಠ ಐದು ಲಕ್ಷ ಸಾಲು ದಾಟುತ್ತದೆ. ನಮಗೆ ಊಟಕ್ಕೆ ಮೊದಲು ಏಳು ನಿಮಿಷ ಸಿಕ್ಕಿತು. ಹಾಡುತ್ತಿದ್ದ ಹುಡುಗ ಕಣ್ಣು ಮುಚ್ಚಿ, ಕೈ ಬೀಸುತ್ತಾ ದನಿ ಏರಿಸುತ್ತಿದ್ದ, ಇನ್ನೇನು ಮೈಮೇಲೆ ಬರುತ್ತದೆ ಅನ್ನುವಷ್ಟರಲ್ಲಿ ಗೈಡ್ ಥ್ಯಾಂಕ್ಯೂ ಅಂದ. ಆ ಹುಡುಗ ಕಣ್ಣು ಬಿಟ್ಟು ನಮ್ಮನ್ನು ನೋಡಿದ ರೀತಿ ಮರೆಯೋಕಾಗಿಲ್ಲ.

ಬೆಟ್ಟಗಳೂ ಹಾಗೇ. ಕಿರ್ಗಿಸ್ತಾನದ ಶೇ. 90ಕ್ಕಿಂತ ಜಾಸ್ತಿ ನೆಲ 1,500 ಮೀಟರ್‌ಗಿಂತ ಮೇಲಿದೆ, ತಿಯೆನ್‌ಶಾನ್ ಪರ್ವತಸಾಲು ಕಣ್ಣಿಗೆ ಬೀಳದ ಜಾಗವೇ ಕಮ್ಮಿ. ಆದರೆ ಸೋಂಗ್-ಕುಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಬಿಸಿಲಿದ್ದರೆ ಮೂರಕ್ಕೆ ಆಲಿಕಲ್ಲು. ನಮ್ಮ ಗುಂಪು ಇದ್ದ ಅಷ್ಟು ಹೊತ್ತೂ ಮೋಡ. ಮಾರನೇ ಬೆಳಿಗ್ಗೆ ಎಂಟಕ್ಕೆ ವ್ಯಾನ್ ಹತ್ತಿಸಿದರು. ಹತ್ತು ಕಿಲೋಮೀಟರ್ ಬಂದ ಮೇಲೆ ಹಿಂದೆ ತಿರುಗಿ ನೋಡಿದರೆ ಸರೋವರ ನೀಲಿಯಾಗಿ ಹೊಳೆಯುತ್ತಿತ್ತು. ನಿಲ್ಲಿಸಿ ಅಂದೆ. ಊಟ ಬುಕ್ ಆಗಿದೆ ಅಂದರು. ಆ ಟೂರ್‌ನ ಮಟ್ಟಿಗೆ ಹೇಳುವುದಾದರೆ ಜೈಲೂ ಅನ್ನುವುದು ನಮ್ಮ ಜೈಲಿಗೆ ತೀರಾ ದೂರವೇನೂ ಇರಲಿಲ್ಲ.

ಎರಡನೇ ಸಲ ಮಾಡಿದ್ದೇನು ಅಂದರೆ, ಬಿಷ್ಕೆಕ್‌ನಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬ ಮಾರ್ಶ್ರುಟ್ಕಾ ಹತ್ತಿಸಿದ, ಕೊಚ್ಕೋರ್‌ನಲ್ಲಿ ಇಳಿದು ಸೀದಾ ಸಿಬಿಟಿ ಆಫೀಸಿಗೆ ಹೋದೆ. ಊರಿನ ಕುಟುಂಬಗಳೇ ಸೇರಿ ನಡೆಸುವ ಪ್ರವಾಸ ಜಾಲ ಅದು, 2000ದ ಸುಮಾರಿಗೆ ಸ್ವಿಸ್ ನೆರವಿನಿಂದ ಶುರುವಾಗಿದ್ದು. ಕುದುರೆಗೆ ಇಷ್ಟು, ಗುಡಾರದಲ್ಲಿ ರಾತ್ರಿಗೆ ಇಷ್ಟು ಅಂತ ರೇಟು ಅಲ್ಲೇ ಹೇಳುತ್ತಾರೆ. ಒಂದು ಸೋಮ್ ಅಂದರೆ ಹತ್ತಿರ ಹತ್ತಿರ ನಮ್ಮ ಒಂದು ರೂಪಾಯಿ, ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕುದುರೆ ಜೊತೆ ಒಬ್ಬ ಹುಡುಗ ಬಂದ. ಅವನೂ ಗೈಡೇ, ಒಪ್ಪುತ್ತೇನೆ. ಆದರೆ ಅವನಿಗೆ ಇಂಗ್ಲಿಷ್‌ನಲ್ಲಿ ಹತ್ತೇ ಪದ ಬರುತ್ತಿತ್ತು. ಅದೇ ಒಳ್ಳೆಯದಾಯಿತು.

ಯಾಕೆ ಅಂದರೆ ಕೇಳಿ. ಗುಡಾರದ ಯಜಮಾನಿ ಮೊದಲ ದಿನ ನನ್ನ ಕೈಗೆ ಉದ್ದದ ಮರದ ಕೋಲೊಂದನ್ನು ಕೊಟ್ಟು, "ಬಿಷ್ಕೆಕ್" ಅಂದರು. ನಾನು ಹೌದು ಹೌದು, ಬಿಷ್ಕೆಕ್‌ನಿಂದ ಬಂದೆ ಅಂತ ತಲೆ ಆಡಿಸಿದೆ. ಅವರು ಮತ್ತೆ ಕೋಲು ತೋರಿಸಿ "ಬಿಷ್ಕೆಕ್". ನಾನು ಮತ್ತೆ ಹೌದು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಅರ್ಥವಾಯಿತು, ಬಿಷ್ಕೆಕ್ ಅಂದರೆ ಕುಮಿಸ್ ಕಡೆಯುವ ಕಡಗೋಲು. ಇಡೀ ರಾಜಧಾನಿಗೆ ಆ ಹೆಸರು ಅಲ್ಲಿಂದಲೇ ಬಂತು ಅನ್ನುತ್ತಾರೆ. ಕುಮಿಸ್, ಅಂದರೆ ಹುದುಗಿಸಿದ ಕುದುರೆ ಹಾಲು ತುಂಬಿದ ಚರ್ಮದ ಚೀಲ, ಬಾಯಿ ಹತ್ತಿರ ಹೊಗೆಯ ವಾಸನೆ. ಅದರೊಳಗೆ ಕಡಗೋಲು ಇಳಿಸಿ ಮೇಲೆ ಕೆಳಗೆ ಕುಟ್ಟಬೇಕು. ನೂರು ಸಲ ಕುಟ್ಟುವಷ್ಟರಲ್ಲಿ ಭುಜ ಬಿದ್ದುಹೋಯಿತು. ಟೂರ್‌ನಲ್ಲಿ ಇದೇ ಕುಮಿಸನ್ನು ಪೇಪರ್ ಕಪ್‌ನಲ್ಲಿ ಒಂದು ಗುಟುಕು ಕೊಟ್ಟಿದ್ದರು, ಎಲ್ಲರೂ ಮುಖ ಕಿವುಚಿ ಸೆಲ್ಫಿ ತೆಗೆದುಕೊಂಡಿದ್ದೆವು. ಇಲ್ಲಿ ಮೂರನೇ ದಿನಕ್ಕೆ ನಾನೇ ಬಟ್ಟಲು ಮುಂದೆ ಹಿಡಿಯುತ್ತಿದ್ದೆ.

ಕುದುರೆ ಹಾಲು ಕರೆಯುವುದೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಮರಿಗಳನ್ನು ಸಾಲಾಗಿ ಕಟ್ಟಿರುತ್ತಾರೆ, ತಾಯಂದಿರು ದೂರ ಹೋಗುವುದಿಲ್ಲ. ಎರಡು ಗಂಟೆಗೊಮ್ಮೆ ಒಂದು ಮರಿ ಬಿಚ್ಚುತ್ತಾರೆ, ಅದು ಬಾಯಿ ಹಾಕಿದ ಮೇಲೇ ತಾಯಿ ಹಾಲು ಇಳಿಸುತ್ತದೆ. ಕೂಡಲೇ ಮರಿಯನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿ ಯಜಮಾನಿ ಮಂಡಿಯೂರಿ ಕರೆಯುತ್ತಾರೆ. ರಾತ್ರಿ ಒಲೆಗೆ ತೆಜೆಕ್, ಅಂದರೆ ನಮ್ಮ ಬೆರಣಿಯೇ. ಹಳ್ಳಿಯ ನಮ್ಮಜ್ಜಿ ಮನೆ ವಾಸನೆ. ಇದನ್ನೆಲ್ಲ ಯಾರೂ ನನಗೆ ತೋರಿಸಲಿಲ್ಲ. ನಾನು ಅಲ್ಲಿದ್ದೆ, ಅವರು ಕೆಲಸ ಮಾಡುತ್ತಿದ್ದರು, ಅಷ್ಟೇ.

ಹಬ್ಬ ಸಿಕ್ಕಿತಾ? ಇಲ್ಲ. ಆ ನಾಲ್ಕು ದಿನದಲ್ಲಿ ಯಾವ ಹಬ್ಬವೂ ಇರಲಿಲ್ಲ. ನಾಲ್ಕನೇ ಸಂಜೆ ಪಕ್ಕದ ಗುಡಾರಗಳ ಹುಡುಗರು ಐದಾರು ಜನ, ಹತ್ತು ಹನ್ನೆರಡರ ವಯಸ್ಸಿನವರು, ಕುದುರೆ ಹತ್ತಿ ಬಂದರು. ಒಬ್ಬನ ಕೈಯಲ್ಲಿ ಹುಲ್ಲು ತುಂಬಿ ಹೊಲಿದ ಗೋಣಿಚೀಲ. ಕೊಕ್-ಬೋರು ಆಡೋಕೆ. ಒಂದು ಕಡೆಯ ಗೋಲಿಗೆ ಹಳೇ ಟಯರ್ ಇಟ್ಟರು, ಇನ್ನೊಂದು ಕಡೆಗೆ ಇಡೋಕೆ ಏನೂ ಸಿಗಲಿಲ್ಲ. ಸುತ್ತ ನೋಡಿದರು, ನನ್ನನ್ನು ಕರೆದು ಅಲ್ಲಿ ನಿಲ್ಲಿಸಿದರು. ಮೊದಲೆರಡು ಸಲ ಕುದುರೆಗಳು ನುಗ್ಗಿ ಬಂದಾಗ ನಾನು ಪಕ್ಕಕ್ಕೆ ಓಡಿದೆ, ಅವರು ಬೈದು ಮತ್ತೆ ಎಳೆದು ನಿಲ್ಲಿಸಿದರು. ಮೂರನೇ ಸಲ ಚೀಲ ಬಂದು ಕಾಲಿನ ಮೇಲೆ ಬಿತ್ತು. ಗೋಲ್ ಹೌದೋ ಅಲ್ಲವೋ ಅಂತ ಕತ್ತಲಾಗುವವರೆಗೂ ಜಗಳ ಮಾಡಿದರು.