ಕಾಯಿಲೆ ಬಿದ್ದ ಕೈದಿ ಯಾರ ಹೊಣೆ?

ಜೈಲಿನ ಸುದ್ದಿ ಯಾವುದೇ ಬರಲಿ, ಅದರ ಕೆಳಗೆ ಒಂದು ಮಾತು ಇದ್ದೇ ಇರುತ್ತದೆ: "ತಪ್ಪು ಮಾಡಿ ಒಳಗೆ ಹೋದೋರಿಗೆ ನಮ್ಮ ತೆರಿಗೆ ದುಡ್ಡಲ್ಲಿ ಊಟ, ಔಷಧಿ ಎಲ್ಲಾ ಯಾಕೆ?" 2024ರ ಅಕ್ಟೋಬರ್ ಕೊನೆಯಲ್ಲಿ ನಟ ದರ್ಶನ್ ಅವರಿಗೆ ಬೆನ್ನುಮೂಳೆಯ ಚಿಕಿತ್ಸೆಗೆಂದು ಹೈಕೋರ್ಟ್ ಆರು ವಾರಗಳ ಮಧ್ಯಂತರ ಜಾಮೀನು ಕೊಟ್ಟಾಗಲಂತೂ ಇಡೀ ಕರ್ನಾಟಕ ವೈದ್ಯಕೀಯ ಜಾಮೀನಿನ ಬಗ್ಗೆ ಮಾತಾಡಿತು. ದುಡ್ಡು, ಹೆಸರು ಇದ್ದವರಿಗೆ ಕಾಯಿಲೆಯೂ ಹೊರಗೆ ಬರುವ ದಾರಿ ಅಂತ ಜನ ಸಿಟ್ಟಾದರು. ಆ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಾನು ದಿನಾ ನೋಡುವ ಕೈದಿಗಳು ಬೇರೆಯೇ ಜನ.

ನಾನು ಕಾನೂನು ನೆರವಿನ ಪ್ಯಾನೆಲ್ ವಕೀಲೆ. ನನ್ನ ಕೈಗೆ ಬರುವ ಕಡತಗಳಲ್ಲಿರುವವರ ಪರವಾಗಿ ಸ್ಕ್ಯಾನ್ ರಿಪೋರ್ಟ್ ಹಿಡಿದು ಓಡಾಡುವವರು ಇರುವುದಿಲ್ಲ. ಹಿರಿಯ ವಕೀಲರು ಇರುವುದಿಲ್ಲ. ಎಷ್ಟೋ ಸಲ ಸಂದರ್ಶನಕ್ಕೆ ಬರುವ ಮನೆಯವರೂ ಇರುವುದಿಲ್ಲ. ಅವರ ಕಾಯಿಲೆ ಜೈಲು ಆಸ್ಪತ್ರೆಯ ರಿಜಿಸ್ಟರಿನಲ್ಲಿ ದಾಖಲಾಗಿರುತ್ತದೆ, ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಹೋಗುವುದಿಲ್ಲ. ಯಾಕೆಂದರೆ ಅರ್ಜಿ ಹಾಕಬೇಕಾದವನು ಆ ರೋಗಿಯೇ.

ನಾನು ಹೇಳಬೇಕಾದ್ದು ಇಷ್ಟು: ಒಬ್ಬ ಕೈದಿಯ ಕಾಯಿಲೆಗೆ ಜೈಲಿನೊಳಗೆ ಚಿಕಿತ್ಸೆ ಸಾಧ್ಯವಿಲ್ಲ ಎಂದು ವೈದ್ಯರಿಗೆ ಗೊತ್ತಾದ ದಿನವೇ ಅವನ ಬಿಡುಗಡೆಯ ಕಡತವನ್ನು ಜೈಲೇ ತೆರೆಯಬೇಕು. ಅವನು ಕೇಳಲಿ ಅಂತ ಕಾಯಬಾರದು.

ಇದೇನೂ ಹೊಸ ಕೂಗಲ್ಲ. ಜೈಲಿನ ಕಾನೂನು ಈ ದೇಶದಲ್ಲಿ ಬೆಳೆದದ್ದೇ ಕೈದಿಗಳ ಕಾಗದಗಳಿಂದ, ಮತ್ತು ಅದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದ. ತಿನ್ನಲಾಗದ ಊಟ, ಹಿಂಸೆ, ದುಡಿದದ್ದಕ್ಕೆ ಸಿಗದ ಕೂಲಿ, ಇವೇ ಅದರಲ್ಲಿದ್ದ ದೂರುಗಳು. ಆ ಪತ್ರವನ್ನೇ ಕೋರ್ಟ್ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರ್‌ನಲ್ಲಿ ಬಂದ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಇಡೀ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಕಿಕ್ಕಿರಿದ ಬ್ಯಾರಕ್, ಮುಗಿಯದ ವಿಚಾರಣೆ, ಹಿಂಸೆ, ಊಟ ಬಟ್ಟೆಯ ಕೊರತೆ, ಅದರ ಜೊತೆಗೇ ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆ. ಓದಿ ನೋಡಿ, ನಿನ್ನೆ ಮೊನ್ನೆ ಬರೆದ ಹಾಗಿದೆ.

ಕಿಕ್ಕಿರಿದ ಬ್ಯಾರಕ್ ಅಂದರೆ ಎಷ್ಟು ಅಂತ ಒಂದು ಲೆಕ್ಕ ಹೇಳಿಬಿಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಜಾಗ ಇದ್ದದ್ದು 4,36,266 ಜನಕ್ಕೆ, ಇದ್ದವರು 5,73,220. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. "ತಪ್ಪು ಮಾಡಿ ಒಳಗೆ ಹೋದೋರು" ಅಂತ ಬರೆಯುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು. ಮಲಗುವ ಬ್ಯಾರಕ್‌ನಲ್ಲಿ ತಲೆಗೆ 3.71 ಚದರ ಮೀಟರ್ ನೆಲ ಇರಬೇಕು ಅಂತ ಮಾದರಿ ಜೈಲು ಕೈಪಿಡಿ ಹೇಳುತ್ತದೆ. ನೂರು ಜನರ ಜಾಗದಲ್ಲಿ ನೂರ ಮೂವತ್ತು ಜನ ಮಲಗಿದರೆ ಆ ನೆಲ ಎಲ್ಲಿಂದ ಬರಬೇಕು? ಕ್ಷಯ ರೋಗ, ಕಜ್ಜಿ ಒಬ್ಬರಿಂದ ಒಬ್ಬರಿಗೆ ದಾಟುವುದು ಇಂಥ ಕಡೆಯೇ. ಹೊರಗೆ ಆರೋಗ್ಯವಾಗಿದ್ದವನೂ ಒಳಗೆ ಕಾಯಿಲೆ ಬೀಳುತ್ತಾನೆ.

ದುಡಿಮೆಯ ವಿಷಯದಲ್ಲಿ ಕಾನೂನು ಸ್ವಲ್ಪ ಮುಂದೆ ಬಂದಿದೆ, ಅದನ್ನು ಒಪ್ಪಿಕೊಳ್ಳಬೇಕು. ಕಠಿಣ ಸಜೆ ಆದವನು ಕೆಲಸ ಮಾಡಲೇಬೇಕು. ವಿಚಾರಣಾಧೀನನನ್ನು ಬಲವಂತವಾಗಿ ದುಡಿಸುವ ಹಾಗಿಲ್ಲ. 1998ರಲ್ಲಿ ಗುಜರಾತ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಸಜಾ ಕೈದಿಯಿಂದ ಕೆಲಸ ತೆಗೆಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಬೇಕು ಎಂದಿತು. ಊಟ ಬಟ್ಟೆಯ ಖರ್ಚನ್ನು ಆ ಕೂಲಿಯಲ್ಲಿ ಹಿಡಿದುಕೊಳ್ಳಬಹುದು, ಒಂದು ಪಾಲನ್ನು ಅಪರಾಧಕ್ಕೆ ಬಲಿಯಾದವರ ಪರಿಹಾರಕ್ಕೆ ಇಡಬೇಕು ಎಂದೂ ಹೇಳಿತು. "ಸತ್ತವರ ಮನೆಯವರ ಗತಿ ಏನು?" ಅಂತ ಕೇಳುವವರಿಗೆ ಆ ತೀರ್ಪಿನಲ್ಲೇ ಉತ್ತರದ ಒಂದು ತುಂಡಾದರೂ ಇದೆ. ನಮ್ಮ ರಾಜ್ಯದಲ್ಲಿ ಈಗ ಕೈದಿಯ ದಿನಗೂಲಿ 500 ರೂಪಾಯಿ ದಾಟಿದೆ. ಇದು ಒಳ್ಳೆಯ ಕೆಲಸ, ಮನಸ್ಸು ತುಂಬಿ ಹೇಳುತ್ತೇನೆ. ಮಗಳ ಫೀಸಿಗೆ ಜೈಲಿನಿಂದ ದುಡ್ಡು ಕಳಿಸಿದ ಅಪ್ಪಂದಿರನ್ನು ನಾನು ಬಲ್ಲೆ.

ಇನ್ನು ಜಾತಿ. ಕಸ ಗುಡಿಸುವುದು, ಕಕ್ಕಸು ತೊಳೆಯುವುದು ಇಂಥ ಜಾತಿಯವರಿಗೆ, ಅಡುಗೆ ಮನೆ ಇಂಥ ಜಾತಿಯವರಿಗೆ ಎಂಬ ಅರ್ಥದ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಸಂವಿಧಾನ ಬಂದು ಏಳು ದಶಕ ದಾಟಿದ ಮೇಲೂ ಉಳಿದಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅದನ್ನು ವರದಿ ಮಾಡಿ ಸುಪ್ರೀಂ ಕೋರ್ಟಿಗೂ ಒಯ್ದರು. 2024ರ ಅಕ್ಟೋಬರ್ 3ರಂದು ಕೋರ್ಟ್ ಆ ನಿಯಮಗಳನ್ನು ಹೊಡೆದುಹಾಕಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಬೇಕು ಎಂದಿತು. ಒಬ್ಬ ವರದಿಗಾರ್ತಿ ಬರೆಯದೇ ಹೋಗಿದ್ದರೆ ಇನ್ನೂ ಎಷ್ಟು ಕಾಲ ಅದು ಹಾಗೇ ಇರುತ್ತಿತ್ತೋ.

ಕೂಲಿ ಹಕ್ಕಾಯಿತು, ಜಾಗದ ಅಳತೆ ಕಾಗದದ ಮೇಲಾದರೂ ಬಂತು. ಕಾಯಿಲೆ ಮಾತ್ರ ಇವತ್ತಿಗೂ ಯಾರೋ ದಯೆ ತೋರಬೇಕಾದ ವಿಷಯವಾಗಿಯೇ ಉಳಿದಿದೆ. ಅದು ಕೂಲಿಗೂ ತಗಲುತ್ತದೆ. ದುಡಿದ ದಿನಕ್ಕೆ ಕೂಲಿ. ಹಾಸಿಗೆ ಹಿಡಿದವನಿಗೆ ಕೂಲಿಯಿಲ್ಲ, ಕೂಲಿಯಿಲ್ಲದವನಿಗೆ ಜೈಲು ಕ್ಯಾಂಟೀನಿನ ಬಿಸ್ಕತ್ತೂ ಇಲ್ಲ, ವಕೀಲರ ಫೀಸಂತೂ ದೂರದ ಮಾತು.

ಒಬ್ಬ ಹೆಂಗಸು ನೆನಪಾಗುತ್ತಾರೆ. ಕೋರ್ಟ್ ಕಾರಿಡಾರ್‌ನಲ್ಲಿ ಬಟ್ಟೆ ಅಂಗಡಿಯ ಕವರ್ ಎದೆಗೆ ಅವುಚಿಕೊಂಡು ಕಾಯುತ್ತಿದ್ದರು. ಒಳಗೆ ಗಂಡನ ಕಾಗದಗಳು: ಸರ್ಕಾರಿ ಆಸ್ಪತ್ರೆಯ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟು, ಪೆರೋಲ್ (ಸ್ವಲ್ಪ ಕಾಲ ಜೈಲಿನಿಂದ ಹೊರಗಿರಲು ಅನುಮತಿ) ಅರ್ಜಿ ತಿರಸ್ಕರಿಸಿದ ಹಿಂಬರಹ. ಎರಡೂ ಕಿಡ್ನಿ ಹೋಗಿದ್ದ ಜೀವಾವಧಿ ಕೈದಿ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಎಸ್ಕಾರ್ಟ್ ಪೊಲೀಸರು ಸಿಗದ ದಿನ ಆಸ್ಪತ್ರೆಗೆ ಕರೆದೊಯ್ಯುತ್ತಿರಲಿಲ್ಲ. ಬಂದೋಬಸ್ತು, ಚುನಾವಣೆ, ಜಾತ್ರೆ, ಏನೇ ಬಂದರೂ ಮೊದಲು ತಪ್ಪುವುದು ಕೈದಿಯ ಆಸ್ಪತ್ರೆ ಭೇಟಿ. ಹಿಂಬರಹದಲ್ಲಿ ಹೀಗಿತ್ತು: "ಸದರಿ ಬಂದಿಯು ಗ್ರಾಮಕ್ಕೆ ಬಂದಲ್ಲಿ ಶಾಂತಿ ಭಂಗ ಉಂಟಾಗುವ ಸಾಧ್ಯತೆ ಇರುವುದಾಗಿ ಠಾಣಾಧಿಕಾರಿಗಳು ವರದಿ ಸಲ್ಲಿಸಿರುವುದರಿಂದ..."

ನಾನು ಓದಿ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಮೇಡಂ, ಅವ್ರಿಗೆ ಗೋಡೆ ಹಿಡ್ಕಂಡ್ರೂ ನಿಂತ್ಕಳಕಾಗಲ್ಲ. ಊರಿಗೆ ಬಂದು ಯಾರ ಮ್ಯಾಲೆ ಜಗಳಕ್ಕೆ ಹೋಗ್ತಾರೆ?" ಅಂದರು.

ಠಾಣೆಯವರನ್ನು ಕೇಳಿದ್ದು ಊರಿನ ಶಾಂತಿಯ ಬಗ್ಗೆ, ಅವರು ಅದರ ಬಗ್ಗೆ ಬರೆದರು. ಡಾಕ್ಟರ ಮಾತು ಆ ಹಿಂಬರಹದಲ್ಲಿ ಒಂದು ಸಾಲಿನಷ್ಟೂ ಇರಲಿಲ್ಲ. ಹೈಕೋರ್ಟಿಗೆ ರಿಟ್ ಹಾಕಿದೆವು, ಪೆರೋಲ್ ಸಿಕ್ಕಿತು. ಆದರೆ ಆ ಹೆಂಗಸು ಕವರ್ ಹಿಡಿದು ಕೋರ್ಟಿಗೆ ಬಾರದೇ ಹೋಗಿದ್ದರೆ? ಮನೆಯವರೇ ಇಲ್ಲದ ಕೈದಿಯಾಗಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕಾನೂನಿನ ಭಾಷೆಯಲ್ಲಿ ಹೇಳುವುದಾದರೆ, ಸಜೆ ಆದವನಿಗೆ ಪೆರೋಲ್, ಅದನ್ನು ಕೊಡುವುದು ಸರ್ಕಾರದ ಅಧಿಕಾರಿಗಳು. ಸಜೆ ಆಗದವನಿಗೆ ಜಾಮೀನು, ಅದನ್ನು ಕೊಡುವುದು ಕೋರ್ಟು. ಕಾಯಿಲೆಯವರನ್ನು, ಅಶಕ್ತರನ್ನು ಜಾಮೀನಿನ ಮೇಲೆ ಬಿಡಬಹುದು ಅಂತ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಸೆಕ್ಷನ್‌ನಲ್ಲೂ ಇದೆ. ಬಿಡಬಹುದು, ಅಷ್ಟೇ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಬಿಗಿ ಜಾಮೀನು ಷರತ್ತಿನಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆ. ಭಯೋತ್ಪಾದನೆಯ ಆರೋಪಗಳಿಗೆ ಬಳಸುವ ಯುಎಪಿಎ ಕಾಯ್ದೆಯಲ್ಲಿ ಅಂಥ ಸಾಲೇ ಇಲ್ಲ.

ಅದರ ಬೆಲೆ ಏನು ಅಂತ ಫಾದರ್ ಸ್ಟ್ಯಾನ್ ಸ್ವಾಮಿ ಅವರ ಸಾವು ತೋರಿಸಿತು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದವರು ಅವರು. 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಯುಎಪಿಎ ಅಡಿ ಬಂಧನವಾದಾಗ 83 ವರ್ಷ, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತದೆ, ಲೋಟ ಹಿಡಿಯಲು ಆಗುವುದಿಲ್ಲ, ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಕೊಡಿ ಅಂತ ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಬಾಂಬೆ ಹೈಕೋರ್ಟಿನಲ್ಲಿ ಜಾಮೀನು ಅರ್ಜಿಯ ವಿಚಾರಣೆ ಇದ್ದ ದಿನ, ಅವರು ತೀರಿಕೊಂಡ ಸುದ್ದಿಯನ್ನು ಕೋರ್ಟಿಗೆ ತಿಳಿಸಲಾಯಿತು. ಅದೇ ಪ್ರಕರಣದ ತೆಲುಗು ಕವಿ ವರವರ ರಾವ್ ಅವರಿಗೆ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆರೋಗ್ಯದ ಆಧಾರದ ಮೇಲೆ ಜಾಮೀನು ಕೊಟ್ಟಿತು. ಒಂದೇ ಪ್ರಕರಣ, ಇಬ್ಬರೂ ವಯಸ್ಸಾದ ರೋಗಿಗಳು. ಒಬ್ಬರಿಗೆ ಸಮಯಕ್ಕೆ ಆದೇಶ ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಅವರ ವಿಚಾರಗಳನ್ನು ನೀವು ಒಪ್ಪಿ, ಬಿಡಿ. ನೀರು ಕುಡಿಯುವ ಸ್ಟ್ರಾಗೆ ಅರ್ಜಿ ಹಾಕಿಸುವ ವ್ಯವಸ್ಥೆಯನ್ನು ಯಾರೂ ಒಪ್ಪಬಾರದು.

ಈಗ ನನ್ನ ವಾದದ ಮುಖ್ಯ ಜಾಗಕ್ಕೆ ಬರುತ್ತೇನೆ. "ಕೈದಿ ಕೇಳದೆ ಜೈಲು ಯಾಕೆ ಅರ್ಜಿ ಹಾಕಬೇಕು?" ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದರು. ಯಾಕೆಂದರೆ ಕಾನೂನು ಬೇರೆ ಎರಡು ಕಡೆ ಅದನ್ನು ಈಗಾಗಲೇ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ನೋಡಿ. ಮರಣದಂಡನೆ, ಜೀವಾವಧಿಯ ಆರೋಪಗಳನ್ನು ಬಿಟ್ಟರೆ, ವಿಚಾರಣಾಧೀನನೊಬ್ಬ ಗರಿಷ್ಠ ಶಿಕ್ಷೆಯ ಅರ್ಧ ಕಾಲ, ಮೊದಲ ಸಲದವನಾದರೆ ಮೂರನೇ ಒಂದು ಕಾಲ ಒಳಗೆ ಕಳೆದರೆ, ಜೈಲು ಸೂಪರಿಂಟೆಂಡೆಂಟರೇ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಸಲ್ಲಿಸಬಹುದು ಎಂದಲ್ಲ, ಸಲ್ಲಿಸಬೇಕು. ಅವಧಿಪೂರ್ವ ಬಿಡುಗಡೆಯಲ್ಲೂ ಹಾಗೇ: ನೀತಿ ಇರುವ ರಾಜ್ಯಗಳು ಅರ್ಹ ಕೈದಿಗಳ ಹೆಸರನ್ನು ಅವರು ಅರ್ಜಿ ಹಾಕದಿದ್ದರೂ ಪರಿಗಣಿಸಬೇಕು ಅಂತ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟೇಕೆ, ಬ್ರಿಟಿಷರ 1894ರ ಕಾಯ್ದೆಯ 37ನೇ ಸೆಕ್ಷನ್ ಕೂಡ, ಕೈದಿ ಕೇಳದಿದ್ದರೂ ನೋಡಿದರೆ ಅಸ್ವಸ್ಥನಂತೆ ಕಂಡರೆ ತಡಮಾಡದೆ ಜೈಲರಿಗೆ ವರದಿ ಮಾಡಬೇಕು ಎಂದಿತ್ತು. ಅವತ್ತಿನ ಆ ಹೊಣೆಯನ್ನು ಜೈಲಿನ ಗೇಟಿನಾಚೆಗೂ ಒಯ್ಯಿರಿ ಅಂತಷ್ಟೇ ನಾನು ಕೇಳುತ್ತಿರುವುದು.

ಸುಳ್ಳು ಸರ್ಟಿಫಿಕೇಟಿನ ಭಯ ನಿಜ. ಪ್ರಭಾವ ಇದ್ದವರು ಆಸ್ಪತ್ರೆಯ ವಾರ್ಡನ್ನೇ ಅತಿಥಿಗೃಹ ಮಾಡಿಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಭಯಕ್ಕೆ ಮದ್ದೂ ಇದರಲ್ಲೇ ಇದೆ. ಈಗ ಕಾಯಿಲೆಯನ್ನು ತೋರಿಸುವ ಹೊಣೆ ಕೈದಿಯ ಮೇಲಿರುವುದರಿಂದಲೇ, ದುಡ್ಡಿದ್ದವನು ತನಗೆ ಬೇಕಾದ ಆಸ್ಪತ್ರೆಯ ಕಾಗದ ತರುತ್ತಾನೆ, ಇಲ್ಲದವನು ಯಾವುದನ್ನೂ ತರುವುದಿಲ್ಲ. ಕಡತ ಜೈಲಿನಿಂದಲೇ ಹೊರಟು, ಹೊರಗಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ತಜ್ಞರ ಮಂಡಳಿ ಇಬ್ಬರನ್ನೂ ಒಂದೇ ಅಳತೆಯಲ್ಲಿ ಪರೀಕ್ಷಿಸಿದರೆ, ಒಬ್ಬನ ನಾಟಕ ಬಯಲಾಗುತ್ತದೆ, ಇನ್ನೊಬ್ಬನ ನೋವು ದಾಖಲಾಗುತ್ತದೆ. ಮಂಡಳಿಗೆ ದಿನಗಳ ಗಡುವು ಇರಬೇಕು. ಇಲ್ಲ ಅನ್ನುವ ಅಧಿಕಾರಿ ವೈದ್ಯರ ವರದಿಯನ್ನು ಎದುರಿಟ್ಟುಕೊಂಡು ಕಾರಣ ಬರೆಯಬೇಕು. ಠಾಣೆಯ ವರದಿ ಬೇಕಾದರೆ ಇರಲಿ, ಆದರೆ ಅದು ಎಲ್ಲಿ ಉಳಿಯಬೇಕು, ಯಾರನ್ನು ಭೇಟಿಯಾಗಬಾರದು ಎಂಬ ಷರತ್ತು ಹಾಕುವುದಕ್ಕೆ ಇರಲಿ. ಡಯಾಲಿಸಿಸ್ ಯಂತ್ರಕ್ಕೆ ಕೂತವನನ್ನು ತಡೆಯುವುದಕ್ಕಲ್ಲ. ಮನೆಯೇ ಇಲ್ಲದವನಿಗೆ ಉಪಶಾಮಕ ಆರೈಕೆ (ಗುಣವಾಗದ ರೋಗಿಯ ನೋವು ತಗ್ಗಿಸುವ ಆರೈಕೆ) ಕೇಂದ್ರದ ಹಾಸಿಗೆಯನ್ನು ಸರ್ಕಾರವೇ ಗೊತ್ತುಮಾಡಬೇಕು.

ಇದಕ್ಕೆ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಬಂದೀಖಾನೆ ರಾಜ್ಯಪಟ್ಟಿಯ ವಿಷಯ. ನಮ್ಮದೇ 1963ರ ಕರ್ನಾಟಕ ಬಂದೀಖಾನೆ ಕಾಯ್ದೆ ಇದೆ, 1974ರ ನಿಯಮಗಳಿವೆ. 70 ದಾಟಿದ ಮತ್ತು ಗುಣವಾಗದ ಕಾಯಿಲೆಯ ಕೈದಿಗಳ ಬಿಡುಗಡೆ ಕೋರಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವೇ 2025ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಕೋರ್ಟ್ ಹೇಳುವ ಮೊದಲೇ ವಿಧಾನಸಭೆ ಒಂದು ತಿದ್ದುಪಡಿ ತರಬಹುದು. ನಿಮ್ಮ ಶಾಸಕರ ಪುಟಗಳಲ್ಲಿ ಈ ಬರಹ ಹಂಚಿ, ಅವರನ್ನು ಟ್ಯಾಗ್ ಮಾಡಿ, ಉತ್ತರ ಕೇಳಿ.

ಓದುವವರಲ್ಲಿ ಯಾರ ಮನೆಯವರಾದರೂ ಒಳಗೆ ಕಾಯಿಲೆ ಬಿದ್ದಿದ್ದರೆ ಇದನ್ನು ತಿಳಿದಿರಿ: ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರ ನೆರವು 1987ರ ಕಾಯ್ದೆ ಕೊಟ್ಟ ಹಕ್ಕು, ಅದಕ್ಕೆ ಆದಾಯ ಮಿತಿ ಇಲ್ಲ. 15100ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆಸ್ಪತ್ರೆಯ ಚೀಟಿಗಳನ್ನು ಒಂದನ್ನೂ ಎಸೆಯಬೇಡಿ. ಪೆರೋಲ್ ತಿರಸ್ಕಾರವಾದರೆ ಹಿಂಬರಹವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ, ಬಾಯಿಮಾತಿಗೆ ವಾಪಸ್ ಬರಬೇಡಿ. ಹೈಕೋರ್ಟಿನಲ್ಲಿ ನಮ್ಮ ಕೈಗೆ ಮೊದಲು ಬೇಕಾಗುವುದು ಆ ಹಾಳೆ.