ಲಕ್ಷದ್ವೀಪದ ಕರೆಂಟು, ಕುಡಿಯುವ ನೀರು: ಡೀಸೆಲ್ ಬಿಟ್ಟುಬಿಡಬಹುದೇ?

ಪರ: ನೀರಿನ ಟ್ಯಾಂಕೇ ಬ್ಯಾಟರಿ

ಮಳೆಗಾಲ ಮುಗಿದ ಮೇಲೆ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಒಂದು ಗಂಟೆ ನಿಂತು ನೋಡಿ, ಲಕ್ಷದ್ವೀಪ ಎಷ್ಟು ದೂರ ಎಂದು ತಿಳಿಯುತ್ತದೆ. ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ಮಂಜಿಗಳಿಗೆ (ಸರಕು ಸಾಗಿಸುವ ಮರದ ಹಡಗುಗಳಿಗೆ) ಜಲ್ಲಿ, ಸಿಮೆಂಟು, ತರಕಾರಿ ಹೇರುತ್ತಿರುತ್ತಾರೆ. ಅಮಿನಿ, ಕದ್ಮತ್, ಕಿಲ್ತಾನ್‌ಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು, ಹಾಗಾಗಿ ಇದು ಪರರ ಸಮಾಚಾರವಲ್ಲ. ಅಲ್ಲಿ ದೀಪ ಉರಿಯುವುದಕ್ಕೂ ಹಡಗು ಬರಬೇಕು. ಹತ್ತು ಜನವಸತಿ ದ್ವೀಪಗಳ ಕರೆಂಟು ಹೆಚ್ಚಾಗಿ ನಿಂತಿರುವುದು ಮುಖ್ಯನಾಡಿನಿಂದ ಹೋಗುವ ಡೀಸೆಲ್ ಮೇಲೆ.

ನೀರಿನ ಕಥೆ ಇನ್ನೂ ನಾಜೂಕು. ಹವಳದ ಮರಳಿನಡಿ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಉಬ್ಬರಕ್ಕೆ ಬಾವಿಯ ನೀರು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಪಂಪು ಹಾಕಿ ಜೋರಾಗಿ ಎಳೆದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಬ್ಯಾರಲಿನಿಂದ ಸೋರಿದ ಡೀಸೆಲ್ ಮರಳಲ್ಲಿ ಇಂಗಿದರೆ ಸೇರುವುದೂ ಇದೇ ನೀರಿಗೆ. ಕರೆಂಟಿಗಾಗಿ ತಂದ ಎಣ್ಣೆಗೆ ಬಾವಿ ಬಲಿಯಾಗಬಾರದು.

2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕ ಕಟ್ಟಿತು. ಕಡಲ ಮೇಲ್ನೀರು ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ. ಗಾಳಿ ಹೀರಿ ತೆಗೆದ ಕೋಣೆಗೆ ಅದನ್ನು ಬಿಟ್ಟರೆ ಒಲೆಯಿಲ್ಲದೆಯೇ ಒಂದಿಷ್ಟು ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಪೈಪಿನಲ್ಲಿ ಎಳೆದ ತಣ್ಣನೆಯ ನೀರು ಆ ಆವಿಯನ್ನು ಹನಿಯಾಗಿಸುತ್ತದೆ. ಸೋಸುವ ಪೊರೆ ಬೇಡ. ಇಷ್ಟು ಚೆಂದದ ಯಂತ್ರದ ಪಂಪು ತಿರುಗಿಸಲು ಡೀಸೆಲ್ ಸುಡುವುದು ನನಗೆ ಸಂಕಟದ ವಿಷಯ.

2024ರ ಜನವರಿಯಲ್ಲಿ ಕವರತ್ತಿಯಲ್ಲಿ 1.7 ಮೆಗಾವ್ಯಾಟ್ ಸೋಲಾರ್ ಸ್ಥಾವರ ಬ್ಯಾಟರಿ ಸಮೇತ ಉದ್ಘಾಟನೆಯಾಯಿತು. ಅದರ ಆಯುಷ್ಯದಲ್ಲಿ 190 ಲಕ್ಷ ಲೀಟರ್ ಡೀಸೆಲ್ ಉಳಿಯುತ್ತದೆಂಬುದು ಸರ್ಕಾರದ ಅಂದಾಜು. ಬ್ಯಾಟರಿ ಚಿಕ್ಕದು, ನಿಜ. ಆದರೆ ಕೂಡಿಡಬೇಕಾದದ್ದೆಲ್ಲ ಕರೆಂಟೇ ಆಗಬೇಕೆಂದಿಲ್ಲ. ಬಿಸಿಲಿರುವಾಗ ಸಿಹಿನೀರು ಮಾಡಿ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ ಅಷ್ಟರಮಟ್ಟಿಗೆ ಜನರೇಟರ್ ಓಡಿಸುವುದು ತಪ್ಪುತ್ತದೆ. ಮೇಲ್ನೀರು-ತಳನೀರಿನ ಬಿಸಿಯ ವ್ಯತ್ಯಾಸದಿಂದಲೇ ಕರೆಂಟು ತೆಗೆದು ನೀರಿನ ಘಟಕ ನಡೆಸುವ 65 ಕಿಲೋವ್ಯಾಟ್ ಯೋಜನೆಯನ್ನೂ ಇದೇ ಸಂಸ್ಥೆ ಕವರತ್ತಿಯಲ್ಲಿ ಕೈಗೆತ್ತಿಕೊಂಡಿದೆ. ಕಡಲಿನ ಆ ವ್ಯತ್ಯಾಸಕ್ಕೆ ರಾತ್ರಿ ಹಗಲೆಂಬುದಿಲ್ಲ.

ವಿರೋಧ: ಮಂಜಿ ಹೊರಡದ ತಿಂಗಳುಗಳಲ್ಲಿ ಬಿಸಿಲೂ ಇಲ್ಲ

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಂಜಿಗಳನ್ನು ದಕ್ಕೆಗೆ ಕಟ್ಟಿಹಾಕುವ ಮಳೆಗಾಲದಲ್ಲೇ ದ್ವೀಪಗಳ ಮೇಲೂ ಮೋಡ ಕವಿಯುತ್ತದೆ. ಸೋಲಾರ್ ಸೊರಗುವುದೂ ಬಿಡಿಭಾಗ ಸಿಗದಿರುವುದೂ ಒಂದೇ ಹೊತ್ತಿಗೆ. ಇನ್ವರ್ಟರ್ ಕೆಟ್ಟರೆ ಕೊಚ್ಚಿಯ ಮೆಕ್ಯಾನಿಕ್ ನಾಳೆ ಬರುತ್ತಾನೆಂದು ಕೂರುವಂತಿಲ್ಲ.

ಕವರತ್ತಿಯ ಬ್ಯಾಟರಿ 1.4 ಮೆಗಾವ್ಯಾಟ್-ಅವರ್, ಅಂದರೆ 1,400 ಯೂನಿಟ್. 2011ರ ಜನಗಣತಿಯಲ್ಲಿ ಅಲ್ಲಿದ್ದವರು 11 ಸಾವಿರದ ಮೇಲೆ. ಹಂಚಿದರೆ ತಲೆಗೊಂದು ಫ್ಯಾನ್ ಎರಡು ಗಂಟೆ ತಿರುಗೀತು. ಆಸ್ಪತ್ರೆಯ ಫ್ರಿಜ್‌ಗೆ, ಮೀನಿನ ಐಸಿಗೆ ಯಾವ ಯೂನಿಟ್ಟು? ಅದೇ ಲೆಕ್ಕದಲ್ಲಿ ಒಂದು ಲಕ್ಷ ಲೀಟರ್ ನೀರೂ ತಲೆಗೆ ಒಂಬತ್ತೇ ಲೀಟರ್. ಕುಡಿಯಲು, ಅಡುಗೆಗೆ ಆಯಿತು, ಸ್ನಾನಕ್ಕೆ ಮತ್ತೆ ಬಾವಿಯೇ. ಇಷ್ಟಕ್ಕೇ ನೂರು ಲೀಟರ್ ಮೇಲ್ನೀರು ಎಳೆದರೆ ಸಿಹಿಯಾಗಿ ಸಿಗುವುದು ಹೆಚ್ಚೆಂದರೆ ಒಂದು ಲೀಟರ್. ಪಂಪು ತಿನ್ನುವ ಕರೆಂಟನ್ನು ಹಗುರಾಗಿ ಎಣಿಸಬಾರದು.

ಸ್ಪೇನಿನ ಎಲ್ ಇಯೆರೊ ದ್ವೀಪವನ್ನು ಎಲ್ಲರೂ ಮಾದರಿಯೆನ್ನುತ್ತಾರೆ. 2014ರಲ್ಲಿ ಶುರುವಾದ ಅಲ್ಲಿನ ಸ್ಥಾವರದಲ್ಲಿ 11.5 ಮೆಗಾವ್ಯಾಟ್ ಗಾಳಿಯಂತ್ರಗಳಿವೆ. ಗಾಳಿ ಹೆಚ್ಚಾದಾಗ ನೀರನ್ನು ಜ್ವಾಲಾಮುಖಿಯ ಹಳೆಯ ಕುಳಿಗೆ ಏರಿಸಿ, ಬೇಕಾದಾಗ ಕೆಳಗಿಳಿಸಿ ಕರೆಂಟು ತೆಗೆಯುತ್ತಾರೆ. 2019ರ ಬೇಸಗೆಯಲ್ಲಿ ಮೂರು ವಾರ ಮೀರಿ ಎಣ್ಣೆಯ ಹಂಗಿಲ್ಲದೆ ನಡೆಯಿತು. ಆದರೂ ಅಲ್ಲಿ ಡೀಸೆಲ್ ಎಂಜಿನುಗಳನ್ನು ಕಿತ್ತುಹಾಕಿಲ್ಲ. ಅವರಿಗೆ ನೂರಾರು ಮೀಟರ್ ಎತ್ತರದ ಬೆಟ್ಟವಾದರೂ ಉಂಟು. ಲಕ್ಷದ್ವೀಪದಲ್ಲಿ ನೀರು ಏರಿಸಿಡಲು ತೆಂಗಿನಮರಕ್ಕಿಂತ ಎತ್ತರದ ಜಾಗವಿಲ್ಲ.

ಜಾಗವೆಂದೆ. ಎಲ್ಲ ದ್ವೀಪ ಸೇರಿ 32 ಚದರ ಕಿಲೋಮೀಟರ್. ನೆಲದ ಮೇಲೆ ಒಂದು ಮೆಗಾವ್ಯಾಟ್ ಸೋಲಾರ್‌ಗೆ ನಾಲ್ಕೈದು ಎಕರೆ ಬೇಕು, ಅಷ್ಟು ತೆಂಗು ಉರುಳಬೇಕು. ಸೋಲಾರ್ ಹಲಗೆಗಳನ್ನು ಲಗೂನಿನ (ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿನ) ಮೇಲೆ ತೇಲಿಸೋಣವೆಂದರೆ ಕೆಳಗಿರುವ ಹವಳಕ್ಕೆ ಬಿಸಿಲು ಬೇಕು. ಕಡಲು ಕಾದು 1998, 2010, 2016ರಲ್ಲಿ ಬೆಳ್ಳಗೆ ಬಾಡಿದ ಹವಳ ಅದು. ಅಲೆಯನ್ನು ತಡೆದು ಈ ನೆಲವನ್ನು ಹಿಡಿದಿಟ್ಟಿರುವುದೇ ಹವಳದ ದಿಬ್ಬ.

ಡೀಸೆಲ್ ಕಡಿಮೆಯಾಗಲಿ, ನನ್ನ ತಕರಾರಿಲ್ಲ. ಜನರೇಟರನ್ನು ಗುಜರಿಗೆ ಹಾಕುವ ಅವಸರಕ್ಕೆ ತಕರಾರು. ನೀರಿಗಾದರೆ ಸುಲಭದ ದಾರಿ ಇದೆ. ವರ್ಷಕ್ಕೆ 1,500 ಮಿಲಿಮೀಟರ್‌ನಷ್ಟು ಮಳೆ ಬೀಳುವ ಊರು ಅದು. ಐವತ್ತು ಚದರ ಮೀಟರ್ ಮನೆ ಮಾಡಿನ ಮೇಲೆ 75 ಸಾವಿರ ಲೀಟರ್ ಬೀಳುತ್ತದೆ, ಅರ್ಧ ಪೋಲಾದರೂ 37 ಸಾವಿರ ಉಳಿಯುತ್ತದೆ. ಅದಕ್ಕೆ ಬೇಕಾದ್ದು ಮಾಡಿನಂಚಿಗೊಂದು ಮಳೆನೀರು ಹರಿಯುವ ದೋಣಿ, ಒಂದು ಮುಚ್ಚಿದ ತೊಟ್ಟಿ, ಮೊದಲ ಮಳೆಯ ಕೊಳೆ ಹೊರಹೋಗಲು ಒಂದು ಪೈಪು. ಮುಂದಿನ ಸಲ ಮಂಜಿಗೆ ಜಲ್ಲಿ, ಸಿಮೆಂಟು ಹೇರುವಾಗ ಮೊದಲ ಪಾಲು ಈ ತೊಟ್ಟಿಗಳಿಗೆ ಹೋಗಲಿ.