ಹಚ್ಚಿದ್ದು ಗೊತ್ತಾಗಬಾರದು

ಈಗಿನ ಮದುವೆಗಳಲ್ಲಿ ಪುರೋಹಿತರಿಗಿಂತ ಮೊದಲು ಛತ್ರ ತಲುಪಬೇಕಾದವರು ಬ್ಯೂಟಿಷಿಯನ್. ಆರೂವರೆಯ ಮುಹೂರ್ತವಾದರೆ ಮದುಮಗಳನ್ನು ಮೂರಕ್ಕೇ ಎಬ್ಬಿಸಿ ಕನ್ನಡಿಯ ಮುಂದೆ ಕೂರಿಸುತ್ತಾರೆ. ಫೌಂಡೇಶನ್, ಕನ್ಸೀಲರ್, ಐಲೈನರ್, ಜೊತೆಗೆ ಹೆಸರು ನಾಲಿಗೆಗೆ ಹೊರಳದ ಇನ್ನಷ್ಟು ಡಬ್ಬಿಗಳು. ಇಷ್ಟಕ್ಕೆಲ್ಲ ದುಡ್ಡು ಕೊಟ್ಟ ತಾಯಿ ನಡುನಡುವೆ ಇಣುಕಿ ಹೇಳುವ ಮಾತು ಒಂದೇ: "ಜಾಸ್ತಿ ಬೇಡಮ್ಮ, ಹಚ್ಚಿದ್ದು ಗೊತ್ತಾಗಬಾರದು." ಸಹಜವಾಗಿ ಕಾಣುವುದಕ್ಕೆ ಮೂರು ಗಂಟೆ ಹಿಡಿಯುತ್ತದೆ, ಖರ್ಚೂ ಹೆಚ್ಚು.

ಹೆಂಗಸರು ಯಾಕೆ ಬಣ್ಣ ಹಚ್ಚಿಕೊಳ್ಳುತ್ತಾರೆ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಗಂಡಸರಿಗಾಗಿ ಎನ್ನುವುದು ಒಂದು. ಹೀಗೆನ್ನುವವರು ಗಂಡಂದಿರನ್ನು ಸರಿಯಾಗಿ ಗಮನಿಸಿದಂತಿಲ್ಲ. ಲಿಪ್‌ಸ್ಟಿಕ್‌ನ ಬಣ್ಣ ಬದಲಾದದ್ದನ್ನು ಕಂಡುಹಿಡಿಯುವುದು ಲಿಫ್ಟ್‌ನಲ್ಲಿ ಸಿಕ್ಕ ಪಕ್ಕದ ಮನೆಯಾಕೆಯೇ ಹೊರತು ಮನೆಯ ಯಜಮಾನರಲ್ಲ. ನಮ್ಮ ಖುಷಿಗಾಗಿ ಎನ್ನುವುದು ಎರಡನೆಯದು. ಭಾನುವಾರ ನೈಟಿಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಾಗ ಆ ಖುಷಿ ಎಲ್ಲಿರುತ್ತದೋ! ಆದರೂ ಈ ಉತ್ತರವನ್ನು ಪೂರ್ತಿ ತಳ್ಳಿಹಾಕಲಾರೆ. ಎರಡೂ ಕಣ್ಣಿನ ಕಾಡಿಗೆ ಒಂದೇ ಏಟಿಗೆ ಸಮನಾಗಿ ಕೂತ ದಿನ ನನ್ನ ನಡಿಗೆಯೇ ಬೇರೆ.

ಕಾಡಿಗೆ ಎಂದಾಗ ನೆನಪಾಯಿತು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ, ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದ ಅಜ್ಜಿಯಂದಿರು ಅದನ್ನು ಎಂದೂ ಮೇಕಪ್ ಎನ್ನಲಿಲ್ಲ. ಅರಿಶಿನ ಕುಂಕುಮಗಳಂತೂ ಬಣ್ಣದ ಲೆಕ್ಕಕ್ಕೇ ಬರುವುದಿಲ್ಲ. ಹಣೆ ಬೋಳಾಗಿದ್ದರೆ ಗದರುತ್ತಿದ್ದ ಅಜ್ಜಿಯೇ ತುಟಿಗೆ ಕೆಂಪು ಕಂಡರೆ "ಇದೇನೇ, ನಾಟಕದವಳ ಹಾಗೆ" ಎನ್ನುತ್ತಿದ್ದರು. ಹಣೆಯಿಂದ ತುಟಿಗೆ ಎಷ್ಟು ದೂರ? ಅಷ್ಟರೊಳಗೆ ಅದೇ ಕೆಂಪು ಸೌಭಾಗ್ಯದಿಂದ ಬಿನ್ನಾಣಕ್ಕೆ ಇಳಿದುಬಿಡುತ್ತದೆ. ಗಂಡ ಸತ್ತ ದಿನ ಹಣೆಯದನ್ನೂ ಒರೆಸುತ್ತಿದ್ದರು. ಇಟ್ಟುಕೊಳ್ಳುವುದಾಗಲಿ ಬಿಡುವುದಾಗಲಿ ಆಕೆಯ ಇಷ್ಟವಾಗಿರಲಿಲ್ಲ. ಮುಖ ಅವಳದು, ಅದರ ಮೇಲಿನ ಬರಹ ಊರಿನದು.

ಆ ಬರಹದಲ್ಲಿ ಮೈಬಣ್ಣಕ್ಕೆ ಯಾವಾಗಲೂ ದಪ್ಪ ಅಕ್ಷರ. ಗಂಡಿನ ಕಡೆಯವರು ನೋಡಲು ಬರುವ ದಿನ ಹುಡುಗಿಯ ಮುಖಕ್ಕೆ ಸ್ನೋ ಬಳಿದು ಮೇಲೆ ಪೌಡರ್ ಹಾಕುತ್ತಿದ್ದರು; ಕತ್ತಿನ ಬಣ್ಣ ಬೇರೆಯೇ ಸತ್ಯ ಹೇಳುತ್ತಿತ್ತು. ಎಣ್ಣೆಗೆಂಪು, ಗೋಧಿ ಬಣ್ಣ ಎಂದು ಕಪ್ಪಿಗೆ ಮುಸುಕು ಹಾಕುವ ಪದಗಳನ್ನು ನಾವು ಎಷ್ಟು ನಾಜೂಕಾಗಿ ಕಟ್ಟಿಕೊಂಡಿದ್ದೇವೆ! 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಈ ಆತಂಕವನ್ನೇ ಟ್ಯೂಬಿನಲ್ಲಿ ತುಂಬಿ ಮಾರಿತು. 2020ರಲ್ಲಿ ಅದರ ಹೆಸರು 'ಗ್ಲೋ ಅಂಡ್ ಲವ್ಲಿ' ಆಯಿತು. ಟ್ಯೂಬಿನ ಮೇಲಿನ ಬಿಳುಪು ಹೋಯಿತು, ವರಾನ್ವೇಷಣೆಯ ಅಂಕಣಗಳದು ಇನ್ನೂ ಹೋಗಬೇಕು.

ಗಂಡಸರು ಬಣ್ಣ ಹಚ್ಚಿಕೊಂಡರೆ ಅದು ಕಲೆ. ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆ ಮಾಡಿ ಬಣ್ಣಕ್ಕೆ ಕೂರುತ್ತಾರೆ. ರಾಕ್ಷಸ ಪಾತ್ರಗಳ 'ಬಣ್ಣದ ವೇಷ'ವಾದರೆ ಗಂಟೆಗಟ್ಟಲೆ ಕೆಲಸ. ಅಲ್ಲಿ ಹಚ್ಚಿದ್ದು ಗೊತ್ತಾಗಬೇಕು, ಕೊನೆಯ ಸಾಲಿನವರಿಗೂ ಕಾಣಬೇಕು. ನನಗೆ ಆ ಬಣ್ಣಗಾರಿಕೆಯ ಮೇಲೆ ಅಪಾರ ಗೌರವವಿದೆ, ತುಸು ಹೊಟ್ಟೆಕಿಚ್ಚೂ ಇದೆ.

ಇನ್ನೂ ತಮಾಷೆಯ ಸಂಗತಿ ಮುಂಬೈಯದು. ಮೇಕಪ್ ಎಂದರೆ ಹೆಂಗಸರ ಹುಚ್ಚು ಎಂದು ನಗುವ ಲೋಕದಲ್ಲಿ, ಹಿಂದಿ ಚಿತ್ರರಂಗದ ಮೇಕಪ್ ಕಲಾವಿದರ ಸಂಘ ದಶಕಗಳ ಕಾಲ ಹೆಂಗಸರಿಗೆ ಆ ಕೆಲಸದ ಕಾರ್ಡನ್ನೇ ಕೊಡಲಿಲ್ಲ. ಬೇಕಾದರೆ ತಲೆ ಬಾಚಿ, ಮುಖ ಮುಟ್ಟಬೇಡಿ ಎಂಬುದು ನಿಯಮ. ಹೆಂಗಸರು ಬಂದರೆ ಗಂಡಸರ ಹೊಟ್ಟೆಪಾಡೇನು ಎಂಬುದು ಸಮರ್ಥನೆ. ಚಾರು ಖುರಾನಾ ಎಂಬ ಕಲಾವಿದೆ ಕೋರ್ಟಿಗೆ ಹೋದರು. 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೊಡೆದುಹಾಕಿತು. ಮನೆಯ ಕನ್ನಡಿಯ ಮುಂದೆ ಕಾಲಹರಣವಾಗಿದ್ದ ಕೆಲಸ ಸಂಬಳ ಸಿಗುವ ಕಡೆ ಗಂಡಸಿನ ಕಸುಬಾಗಿತ್ತು ನೋಡಿ.

ಮೆಟ್ರೋದಲ್ಲಿ ಓಡಾಡುವ ಹುಡುಗಿಯರು ನನಗೆ ಇಷ್ಟವಾಗುವುದು ಇದಕ್ಕೇ. ಅವರಿಗೆ ಮುಚ್ಚುಮರೆ ಇಲ್ಲ. ಮೊಬೈಲ್ ಕ್ಯಾಮೆರಾವನ್ನೇ ಕನ್ನಡಿ ಮಾಡಿಕೊಂಡು ಇಂದಿರಾನಗರದಲ್ಲಿ ಒಂದು ಕಣ್ಣು, ಟ್ರಿನಿಟಿಯಲ್ಲಿ ಇನ್ನೊಂದು, ಎಂ.ಜಿ. ರಸ್ತೆ ಬರುವಷ್ಟರಲ್ಲಿ ತುಟಿ ಮುಗಿಸುತ್ತಾರೆ. ರೈಲು ಕುಲುಕಿದರೂ ಗೆರೆ ಕದಲುವುದಿಲ್ಲ. "ಆಂಟಿ, ಈ ಮುಚ್ಚಳ ಸ್ವಲ್ಪ ಹಿಡಿದುಕೊಳ್ಳುತ್ತೀರಾ?" ಎಂದು ಕೇಳಿದರೆ ನಾನು ಸಂತೋಷದಿಂದ ಹಿಡಿಯುತ್ತೇನೆ. ಎದುರು ಸೀಟಿನ ಹಿರಿಯರೊಬ್ಬರು "ಇದನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಬರಬಾರದೇ" ಎಂದು ಗೊಣಗುತ್ತಾರೆ. ಅವರ ಮೀಸೆ ಕಡುಗಪ್ಪು, ಹುಬ್ಬು ಮಾತ್ರ ಬೆಳ್ಳಗೆ. ಅವರದು ಮನೆಯಲ್ಲೇ ಮುಗಿದಿದೆ.